ಕರೆಂಟ್ ಎಂಜಿನ್ ಬಂದರೂ ಪ್ಯಾಸೆಂಜರ್ ಗಾಡಿ ಯಾಕೆ ಅಷ್ಟೇ ನಿಧಾನ?

ತಮ್ಮಾ, ನೀನು ಎರಡು ಕೇಳಿದ್ದೀಯ. ಕಲಬುರಗಿ–ವಾಡಿ ಕಡೆ ಪ್ಯಾಸೆಂಜರ್ ಗಾಡಿಗೆ ಡೀಸೆಲ್ ಹೋಗಿ ಕರೆಂಟ್ ಎಂಜಿನ್ ಬಂದರೂ ಊರು ಮುಟ್ಟಲು ಅಷ್ಟೇ ಹೊತ್ತು ಯಾಕೆ? ಎಂಜಿನ್, ಡಬ್ಬಿ ಗುರುತು ಹಿಡಿಯುವುದು ಹೇಗೆ? ಗುರುತಿನಿಂದ ಶುರು ಮಾಡುತ್ತೇನೆ.

ಎಂಜಿನ್ ಮೇಲೆ ಡಬ್ಲ್ಯುಎಪಿ-7 ಅಂತ ಇದ್ದರೆ, ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಎ ಅಂದರೆ ಎಸಿ ಕರೆಂಟ್, ಪಿ ಅಂದರೆ ಪ್ರಯಾಣಿಕರ ಗಾಡಿ. ಪಿ ಜಾಗದಲ್ಲಿ ಜಿ ಇದ್ದರೆ ಗೂಡ್ಸ್. ಹಳೆಯ ಡಬ್ಲ್ಯುಎಪಿ-4 ಸುಮಾರು 5,000 ಅಶ್ವಶಕ್ತಿಯದು, ಡಿಸಿ ಮೋಟಾರ್. ಡಬ್ಲ್ಯುಎಪಿ-7 6,000 ದಾಟುತ್ತದೆ, ತ್ರೀ-ಫೇಸ್ ಮೋಟಾರ್. ಬ್ರೇಕ್ ಹಾಕಿದಾಗ ಇದರ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತದೆ. ಭಾಳ ಚಂದದ ಎಂಜಿನ್.

ಡಬ್ಬಿಗೆ ತುದಿ ನೋಡು. ಪೆಟ್ಟು ತಡೆಯುವ ಎರಡು ದುಂಡನೆಯ ಬಫರ್ ಇದ್ದರೆ ಸಾಮಾನ್ಯವಾಗಿ ಹಳೆಯ ಐಸಿಎಫ್ ಮಾದರಿಯ ಡಬ್ಬಿ. ಬಫರ್ ಇಲ್ಲದೆ ನಡುವೆ ಡಬ್ಬಿ ಜೋಡಿಸುವ ಒಂದೇ ದಪ್ಪ ಕಪ್ಲರ್ ಇದ್ದರೆ ಹೊಸ ಮಾದರಿಯ ಎಲ್‌ಎಚ್‌ಬಿ. ಅದು ಸುಮಾರು ಎರಡು ಮೀಟರ್ ಉದ್ದ ಜಾಸ್ತಿ, ಡಿಸ್ಕ್ ಬ್ರೇಕ್ ಇರುತ್ತದೆ. ಎಲ್‌ಎಚ್‌ಬಿ ಡಬ್ಬಿಯ ಕೆಳಗೆ ಚಕ್ರ ಕೂರುವ ಬೋಗಿಯ ಚೌಕಟ್ಟು ನಮ್ಮ ಯಾದಗಿರಿ ಜಿಲ್ಲೆಯ ಕಡೇಚೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತದೆ, ಇದು ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಬ್ಬಿ ಮೇಲಿನ ಸಂಖ್ಯೆಯ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ.

ಈಗ ನಿಧಾನದ ಮಾತು. ದೊಡ್ಡ ಎಂಜಿನ್‌ನ ಶಕ್ತಿ ಕೆಲಸಕ್ಕೆ ಬರುವುದು ಗಾಡಿ ಓಡುತ್ತಾ ಹೋದಾಗ. ನಮ್ಮ ಗಾಡಿ ವೇಗ ಹಿಡಿಯುವಷ್ಟರಲ್ಲಿ ಮಾರ್ತೂರು, ಅದು ಬಿಟ್ಟರೆ ಶಹಾಬಾದ್. ಸ್ಟೇಷನ್ ಸ್ಟೇಷನ್‌ಗೆ ನಿಲ್ಲುವ ಗಾಡಿಗೆ ಬೇಕಾದದ್ದು ಚುರುಕಾಗಿ ಹೊರಡುವುದು. ಒಂದೇ ಎಂಜಿನ್‌ನ ಆರು ಜೋಡಿ ಚಕ್ರಗಳು ಇಡೀ ಗಾಡಿಯನ್ನು ಎಳೆಯಬೇಕು. ಮೆಮು ಅಂದರೆ ಬೇರೆ ಎಂಜಿನ್ ಇಲ್ಲದೆ, ಡಬ್ಬಿಯಲ್ಲೇ ಮೋಟಾರ್ ಇರುವ ಕರೆಂಟ್ ಗಾಡಿ. ಅದರಲ್ಲಿ ಹಾಗಲ್ಲ, ಸಾಮಾನ್ಯವಾಗಿ ಪ್ರತಿ ನಾಲ್ಕು ಡಬ್ಬಿಗೆ ಒಂದು ಮೋಟಾರ್ ಡಬ್ಬಿ. ಎಳೆತ ಗಾಡಿಯುದ್ದಕ್ಕೂ ಹಂಚಿಹೋಗುತ್ತದೆ, ಚಕ್ರ ಜಾರುವುದು ಕಡಿಮೆ. ಕೊನೆಯ ಸ್ಟೇಷನ್‌ನಲ್ಲಿ ಎಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ತಂದು ಜೋಡಿಸುವ ಕೆಲಸವೂ ಇಲ್ಲ. ಚಾಲಕ ಆ ಕಡೆಯ ಕ್ಯಾಬಿನ್‌ಗೆ ನಡೆದು ಹೋದರೆ ಮುಗಿಯಿತು. ಬಾಗಿಲು ಅಗಲ, ಗಂಟುಮೂಟೆ ಹೊತ್ತವರು ಬೇಗ ಹತ್ತಿ ಇಳಿಯುತ್ತಾರೆ.

ಬೀದರ್–ಕಲಬುರಗಿ ಮಾರ್ಗ 110 ಕಿ.ಮೀ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗ ಅಲ್ಲಿ ಓಡಿಸಿದ್ದು ಡೆಮು, ಅಂದರೆ ಮೆಮು ಥರದ್ದೇ ಡೀಸೆಲ್ ಗಾಡಿ. ಹುಮನಾಬಾದ್, ಕಮಲಾಪುರದಂಥ ಊರುಗಳ ಗಾಡಿಗೆ ಆ ಬಗೆಯೇ ಸರಿ. ತಂತಿಯ ಕೆಳಗಾದರೆ ಮೆಮು. ಎಂಜಿನ್ ಹಚ್ಚಿದ ಉದ್ದ ಗಾಡಿ ಹುಬ್ಬಳ್ಳಿ, ಬೆಂಗಳೂರಿನಂಥ ದೂರದ ಊರಿಗೆ ಇರಲಿ. ಮನವಿ ಬರೆಯುವುದಾದರೆ "ವಿದ್ಯುತ್ ಗಾಡಿ ಬೇಕು" ಅಂತ ಸುಮ್ನೆ ಬರೆಯಬೇಡಿ, "ಮೆಮು ಬೇಕು" ಅಂತಲೇ ಕೇಳಿ.

ಆದರೆ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಲೂಪ್ ಲೈನ್‌ನಲ್ಲಿ, ಅಂದರೆ ಸ್ಟೇಷನ್‌ನ ಪಕ್ಕದ ಹಳಿಯಲ್ಲಿ, ನಿಲ್ಲಿಸಿದರೆ ಯಾವ ಗಾಡಿಯೂ ತಡವೇ. ಬೀದರ್ ಕಡೆ ಒಂಟಿ ಹಳಿ, ಎದುರು ಗಾಡಿ ಬರುವವರೆಗೂ ಕಾಯಬೇಕು. ಅದಕ್ಕೆ ಎಂಜಿನ್ ಮದ್ದಲ್ಲ.

ಇನ್ನೊಂದು ಮಾತು. ವಾಡಿಯಲ್ಲಿ ಫೋಟೋಕ್ಕಾಗಿ ನಿಂತ ವ್ಯಾಗನ್ ಮೇಲೆ ಹತ್ತಬೇಡ, ಸೆಲ್ಫಿ ಕೋಲು ಮೇಲೆತ್ತಬೇಡ. ತಂತಿಯಲ್ಲಿರುವುದು 25,000 ವೋಲ್ಟ್. ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ಹಾರಿ ಹಿಡಿಯುತ್ತದೆ. ಪ್ಲಾಟ್‌ಫಾರ್ಮ್ ಮೇಲೆ ನಿಂತೇ ತೆಗೆದು ಇಲ್ಲಿ ಹಾಕು, ಯಾವ ಎಂಜಿನ್ ಅಂತ ಹೇಳುತ್ತೇನೆ.