ದೇವರ ಮೇಲೆ ಕೋಪ ಇಟ್ಟುಕೊಂಡು ಸಮಾಧಿಗೆ ಹೋಗಲೇ?

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಲಿಂಗರಾಜಪುರದಲ್ಲಿ ಅಮ್ಮ, ಗಂಡ, ಮಗಳ ಜೊತೆ ಇದ್ದೇನೆ. ನಾವು ಕಥೋಲಿಕರು. ಮಾರ್ಚ್‌ನಲ್ಲಿ ಬೈಕ್ ಅಪಘಾತವಾಗಿ ನನ್ನ ಒಬ್ಬನೇ ತಮ್ಮ ಹೋಗಿಬಿಟ್ಟ. ಐದು ದಿನ ಐಸಿಯುನಲ್ಲಿದ್ದ. ಅಷ್ಟೂ ದಿನ ನಾನು ಜಪಸರ ಕೆಳಗಿಟ್ಟಿಲ್ಲ. ಈಗ ಪೂಜೆಗೆ ಹೋದರೆ ಬಾಯಿಂದ ಒಂದು ಪ್ರಾರ್ಥನೆಯೂ ಹೊರಡುವುದಿಲ್ಲ. ಅಳುತ್ತಾ ಕೂತರೆ ಅಮ್ಮ, ‘ಅವನು ಸ್ವಾಮಿ ಹತ್ರ ಇದ್ದಾನೆ, ವಿಶ್ವಾಸ ಇಲ್ಲದವರ ಹಾಗೆ ಅಳಬೇಡ’ ಅನ್ನುತ್ತಾರೆ. ಅಮ್ಮನಿಗೆ ಪ್ರಾರ್ಥನೆಯಲ್ಲಿ ಸಮಾಧಾನ ಸಿಗುತ್ತಿದೆ. ನನಗೆ ಬರೀ ಕೋಪ. ನವೆಂಬರ್ 2ಕ್ಕೆ, ಮೃತರ ಸ್ಮರಣೆಯ ದಿನ, ಎಲ್ಲರೂ ಸಮಾಧಿಗೆ ಹೋಗೋಣ ಅಂತಿದ್ದಾರೆ. ಹೀಗಿರುವಾಗ ಹೋಗಿ ನಿಲ್ಲುವುದು ನಾಟಕ ಅಲ್ವಾ?

ಉತ್ತರ: ತಂಗೀ, ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು. ಮೊದಲು ಅಳುವಿನ ಮಾತು ಮುಗಿಸಿಬಿಡೋಣ. ಅಳಬಾರದು ಎಂದು ನಮ್ಮ ಧರ್ಮ ಎಲ್ಲೂ ಹೇಳಿಲ್ಲ. ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಎಂಬ ಮಾತಿದೆ. ಸಾವಿನ ಮನೆಗೆ ಬಂದವರು ಅದರಲ್ಲಿ ಅರ್ಧ ಮಾತ್ರ ಹಿಡಿದುಕೊಂಡು ದುಃಖವನ್ನೇ ತಪ್ಪು ಮಾಡಿಬಿಡುತ್ತಾರೆ. ಇದು ನನಗೆ ಬಹಳ ಬೇಸರದ ವಿಷಯ. ನಿಮ್ಮ ಅಮ್ಮನಿಗೂ ಯಾರೋ ಹಾಗೇ ಹೇಳಿರಬೇಕು.

ಇನ್ನು ಕೋಪ. ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯವನ್ನು ಒಬ್ಬರೇ ಕೂತು ನಿಧಾನವಾಗಿ ಓದಿ. ಅಲ್ಲಿಯೂ ಅಕ್ಕತಂಗಿಯರಿದ್ದಾರೆ, ಸತ್ತವನು ಅವರ ಸಹೋದರ. ಲಾಜರ ಕಾಯಿಲೆ ಬಿದ್ದಾಗ ಅವರು ಯೇಸುವಿಗೆ ಹೇಳಿಕಳುಹಿಸಿದರು. ಯೇಸು ಕೂಡಲೇ ಹೊರಡಲಿಲ್ಲ. ಇದ್ದ ಜಾಗದಲ್ಲೇ ಇನ್ನೂ ಎರಡು ದಿನ ಉಳಿದರು. ಬರುವಷ್ಟರಲ್ಲಿ ಸಮಾಧಿ ಮಾಡಿ ನಾಲ್ಕು ದಿನ ಆಗಿತ್ತು. ನೀನು ಇಲ್ಲೇ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಮಾರ್ತಾ ಎದುರಿಗೇ ಹೇಳಿದಳು. ಮರಿಯಾ ಕೂಡ ಅದನ್ನೇ ಹೇಳಿದಳು. ನೀವು ಐಸಿಯು ಬಾಗಿಲಲ್ಲಿ ಕೇಳಿದ್ದೂ ಇದೇ ಅಲ್ವಾ? ಅವರಿಬ್ಬರನ್ನೂ ಯೇಸು ಗದರಲಿಲ್ಲ, ವಿಶ್ವಾಸ ಸಾಲದು ಎನ್ನಲಿಲ್ಲ.

ಮಾರ್ತಾಗೆ ಮಾತು ಬೇಕಿತ್ತು. ಪುನರುತ್ಥಾನದ ಭರವಸೆ ಕೇಳಿದಳು, ನಂಬುತ್ತೇನೆ ಎಂದಳು. ಮರಿಯಾ ಕಾಲಿಗೆ ಬಿದ್ದು ಅತ್ತಳು. ಅವಳಿಗೆ ಯೇಸು ಯಾವ ಉಪದೇಶವನ್ನೂ ಕೊಡಲಿಲ್ಲ. ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿ, ತಾವೇ ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಬದುಕಿಸಿ ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತರು. ಒಂದೇ ಮನೆಯ ಇಬ್ಬರು, ಇಬ್ಬರ ಹತ್ತಿರವೂ ಯೇಸು ಬಂದರು. ನಿಮ್ಮ ಮನೆಯಲ್ಲಿ ಅಮ್ಮ ಮಾರ್ತಾಳ ಹಾಗಿದ್ದಾರೆ, ಅಷ್ಟೇ. ಅವರ ಸಮಾಧಾನ ನಿಮಗೂ ಬರಬೇಕೆಂದು ಕಾಯಬೇಡಿ.

ಆದರೆ ಲಾಜರ ಎದ್ದು ಬಂದ, ನಿಮ್ಮ ತಮ್ಮ ಬರಲಿಲ್ಲ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ‘ದೇವರ ಚಿತ್ತ’ ಎಂದು ಹೇಳಿ ಮಾತು ಮುಗಿಸುವವರ ಹತ್ತಿರವೂ ಇಲ್ಲ. ಪ್ರಾರ್ಥನೆಗೆ ಮಾತು ಬಾರದ ದಿನ ಬೈಬಲಿನ 88ನೇ ಕೀರ್ತನೆ ಓದಿ. ಇಡೀ ಕೀರ್ತನೆ ದೂರು, ಕೊನೆಯಲ್ಲಿ ಕೂಡ ಕತ್ತಲೆಯೇ. ಧರ್ಮಸಭೆ ಅದನ್ನು ಬಚ್ಚಿಡಲಿಲ್ಲ. ಗುರುಗಳು, ಸಿಸ್ಟರ್‌ಗಳು ಪ್ರತಿ ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಹೇಳುವುದು ಅದನ್ನೇ. ದೇವರನ್ನು ಬಿಟ್ಟವರು ದೇವರ ಜೊತೆ ಜಗಳ ಆಡುವುದಿಲ್ಲ ತಂಗೀ. ನೀವಿನ್ನೂ ಆಡುತ್ತಿದ್ದೀರಿ.

ಪೂಜೆಯಲ್ಲಿ ಬಾಯಿ ಬಾರದಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಉಳಿದವರು ಹೇಳುತ್ತಾರೆ. ಆ ‘ನಮ್ಮ’ದಲ್ಲಿ ನೀವೂ ಇದ್ದೀರಿ. ನಿಮಗೆ ನಂಬಿಕೆ ಇರುವ ಒಬ್ಬ ಫಾದರ್ ಹತ್ರ ಹೋಗಿ, ಪಾಪನಿವೇದನೆಗೆ ಅಂತಲ್ಲ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲಿಕ್ಕೆ. ಅವರೂ ಅಳಬೇಡ ಎಂದರೆ ಇನ್ನೊಬ್ಬರನ್ನು ಹುಡುಕಿ.

ಒಂದು ಮಾತು ಮರೆಯಬೇಡಿ. ನಿದ್ದೆ ಬಾರದೆ, ಊಟ ಸೇರದೆ, ಮಗಳ ಕೆಲಸವೂ ಕೈಹತ್ತದೆ ವಾರಗಳು ಹೋಗುತ್ತಿದ್ದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಕೂಡ ನಮ್ಮ ಊರಲ್ಲೇ ಇದೆ. ಅಲ್ಲಿಗೆ ಹೋದರೆ ವಿಶ್ವಾಸ ಕಮ್ಮಿ ಅಂತೇನೂ ಅಲ್ಲ.

ನವೆಂಬರ್ 2ಕ್ಕೆ ಹೋಗಿ. ನಾಟಕ ಅಲ್ಲ, ನೀವು ಹೋಗುವುದು ತಮ್ಮನಿಗಾಗಿ. ಕಳೆ ಕಿತ್ತು, ಕಲ್ಲು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ. ಫಾದರ್ ಬಂದು ತೀರ್ಥ ಚಿಮುಕಿಸುವಾಗ ತುಟಿ ಅಲ್ಲಾಡಿಸಬೇಕೆಂದೇನಿಲ್ಲ. ಆ ದಿನದ ಜನಜಂಗುಳಿ, ನೆಂಟರ ಪ್ರಶ್ನೆಗಳು ತಡೆಯಲಾರೆ ಅನ್ನಿಸಿದರೆ ಬೇರೆ ದಿನ ಹೋಗಿ. ಮೃತರಿಗಾಗಿ ಪ್ರಾರ್ಥಿಸಲು ಇಡೀ ನವೆಂಬರ್ ತಿಂಗಳಿದೆ. ಆದರೆ ಅಮ್ಮನಿಗೆ ಮುಂಚೆಯೇ ಹೇಳಿಬಿಡಿ: ‘ಅಮ್ಮಾ, ನಾನು ಬರ್ತೀನಿ, ಆದ್ರೆ ಅಲ್ಲಿ ಅತ್ತುಬಿಡ್ತೀನಿ. ಬೇಡ ಅನ್ನಬೇಡ.’