ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್‌ಗಳು ಸೀಸನ್ ಮುಗಿದ ಕೂಡಲೇ ಅಷ್ಟೊಂದು ಆಟಗಾರರನ್ನು ಕೈಬಿಡುವುದೇಕೆ?

ಈ ಆಟದ ಅಗ್ರ ಲೀಗ್ ಆದ ಎಎಫ್‌ಎಲ್‌ನಲ್ಲಿ ದುಡ್ಡಿದೆ ಅಂತ ಬೇಕಾದಷ್ಟು ಜನರನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಆಟಗಾರರ ಪಟ್ಟಿಯ ಗಾತ್ರಕ್ಕೂ ಒಟ್ಟು ಸಂಬಳಕ್ಕೂ ಮಿತಿಯಿದೆ. ನವೆಂಬರ್‌ನ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಹೊಸ ಹುಡುಗರು ಬರಬೇಕಾದರೆ ಮೊದಲು ಜಾಗ ಖಾಲಿಯಾಗಬೇಕು, ಅಲ್ವಾ? ಹಾಗಾಗಿ ಕೆಲವರು ನಿವೃತ್ತರಾಗುತ್ತಾರೆ, ಕೆಲವರು ಅಕ್ಟೋಬರ್‌ನ ಟ್ರೇಡ್‌ನಲ್ಲಿ (ಕ್ಲಬ್‌ಗಳ ನಡುವಿನ ವಿನಿಮಯ) ಬೇರೆ ಕ್ಲಬ್‌ಗೆ ಹೋಗುತ್ತಾರೆ, ಇನ್ನು ಕೆಲವರನ್ನು ಕೈಬಿಡುತ್ತಾರೆ. ಕೈಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದೇ ಕ್ಲಬ್ ಅದೇ ಆಟಗಾರನನ್ನು ರೂಕಿ ಪಟ್ಟಿಗೆ (ಮುಖ್ಯ ಪಟ್ಟಿಯ ಜೊತೆಗಿರುವ ಹೆಚ್ಚುವರಿ ಪಟ್ಟಿ) ಮತ್ತೆ ಸೇರಿಸಿಕೊಳ್ಳುತ್ತದೆ.

ದೊಡ್ಡ ಹೆಸರಿನವರೂ ಹೋಗುತ್ತಾರೆ. 2013ರಲ್ಲಿ ಹಾಥಾರ್ನ್ ಕ್ಲಬ್ ಕಪ್ ಗೆದ್ದ ಬೆನ್ನಲ್ಲೇ ಅದರ ಆಟಗಾರ ಲ್ಯಾನ್ಸ್ ಫ್ರಾಂಕ್ಲಿನ್ 9 ವರ್ಷಕ್ಕೆ ಸುಮಾರು 1 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡು ಸಿಡ್ನಿ ಕ್ಲಬ್ ಸೇರಿದರು. ಅಷ್ಟು ಕೊಡಲು ಹಾಥಾರ್ನ್ ಮುಂದಾಗಲಿಲ್ಲ. ಅವರು ಹೋದದ್ದಕ್ಕೆ ಪರಿಹಾರವಾಗಿ ಹಾಥಾರ್ನ್‌ಗೆ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆ ಜಾಸ್ತಿ ಸಿಕ್ಕಿತು. 2014ರ ಫೈನಲ್‌ನಲ್ಲಿ ಹಾಥಾರ್ನ್, ಫ್ರಾಂಕ್ಲಿನ್ ಇದ್ದ ಸಿಡ್ನಿಯನ್ನೇ ಸೋಲಿಸಿ ಮತ್ತೆ ಕಪ್ ಗೆದ್ದಿತು!