ಪಿಎಚ್‌ಡಿ ಇದೆ ಅಂತ ಬ್ಯಾಂಡ್ ಬಿಡಬೇಡಿ

ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಾ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಅಮೆರಿಕದ ಪಂಕ್ ರಾಕ್ ಬ್ಯಾಂಡ್ ಬ್ಯಾಡ್ ರಿಲಿಜನ್‌ನ ಗಾಯಕ ಗ್ರೆಗ್ ಗ್ರಾಫಿನ್ ಹಾಡುತ್ತಲೇ 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು.

ನಾನು ಪುಣೆಯಲ್ಲೇ ಪಾಷಾಣ್ ಕಡೆಯ ಲ್ಯಾಬ್ ಒಂದರಲ್ಲಿದ್ದೇನೆ, ವಾರಾಂತ್ಯಕ್ಕೆ ಡ್ರಮ್ಸ್. ಗಂಟೆ ಲೆಕ್ಕದಲ್ಲಿ ಜ್ಯಾಮ್ ರೂಮ್ (ಬ್ಯಾಂಡ್ ಅಭ್ಯಾಸದ ಕೋಣೆ) ಹಿಡಿದು ಬಾಡಿಗೆ ಹಂಚಿಕೊಳ್ಳುತ್ತೇವೆ. ನಮ್ಮ ಧಾರವಾಡದ ಹುಡುಗ ಕನ್ನಡದಲ್ಲೇ ಹಾಡು ಕಟ್ಟುತ್ತಾನೆ. ಕೋರಸ್ ಬಂದಾಗ ಮರಾಠಿ ಗಿಟಾರಿಸ್ಟ್ ಕೂಡ ಗಂಟಲು ಬಿಟ್ಟು ಹಾಡುತ್ತಾನೆ. ಅದರ ಖುಷಿಯೇ ಬೇರೆ!

ಪಬ್‌ಗಳು ಜಾಸ್ತಿ ಕೇಳೋದು ಕವರ್ ಹಾಡುಗಳನ್ನೇ (ಬೇರೆಯವರ ಹಾಡುಗಳನ್ನು ನಾವು ನುಡಿಸೋದು), ಸ್ವಂತ ಹಾಡಿನಿಂದ ದುಡ್ಡು ನಿರೀಕ್ಷಿಸಬೇಡಿ. ಹಾಸ್ಟೆಲ್‌ನಲ್ಲಿ ಹೆಡ್‌ಫೋನ್ ಆಂಪ್ (ಗಿಟಾರ್ ಸದ್ದನ್ನು ಹೆಡ್‌ಫೋನಿಗೆ ಕೊಡುವ ಪುಟ್ಟ ಆಂಪ್ಲಿಫೈಯರ್) ಸಿಕ್ಕಿಸಿ ನುಡಿಸಿ, ಪಕ್ಕದ ರೂಮಿಗೆ ಕೇಳಿಸಲ್ಲ. ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಿ. ಥೀಸಿಸ್ ಬರೆಯುವ ತಿಂಗಳುಗಳಲ್ಲಿ ಶೋ ಒಪ್ಪಿಕೊಳ್ಳಲ್ಲ ಅಂತ ಬ್ಯಾಂಡಿನವರಿಗೆ ಈಗಲೇ ಹೇಳಿಬಿಡಿ.